ಮ್ಯೂಸಿಯಂ ಮಾದರಿಯ ಕುಟುಂಬ ಕಲಾ ಕಾರ್ಯಾಗಾರ ನಮ್ಮೂರಲ್ಲೇ ಮಾಡುವುದು ಹೇಗೆ?

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: ಬೆಂಗಳೂರಿನ ಸಮಕಾಲೀನ ಕಲಾ ಮ್ಯೂಸಿಯಂಗಳಲ್ಲಿ ಮಕ್ಕಳು, ಅಪ್ಪ ಅಮ್ಮ, ಅಜ್ಜಿ ಎಲ್ಲರೂ ಒಟ್ಟಿಗೆ ಕೂತು ಮಾಡುವ ಕಾರ್ಯಾಗಾರಗಳು ನಡೆಯುತ್ತವಲ್ಲ, ಹಾಸನ, ಚಿಕ್ಕಮಗಳೂರಿನ ನಾವೇನು ಮಾಡೋಣ?

ಹೋಗಿ ಬರುವ ಅನುಕೂಲ ಇದ್ದರೆ ಖಂಡಿತ ಹೋಗಿ. ಕಸ್ತೂರ್ ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಆದರೆ ಹಾಸನದಿಂದ ಒಂದು ಕಡೆಗೇ 180 ಕಿಲೋಮೀಟರಿಗಿಂತ ಹೆಚ್ಚು, ಚಿಕ್ಕಮಗಳೂರಿನಿಂದ ಇನ್ನೂ ದೂರ. ಎರಡು ಗಂಟೆಯ ಕಾರ್ಯಾಗಾರಕ್ಕಾಗಿ ಆರು ವರ್ಷದ ಮಗುವನ್ನು ದಿನವಿಡೀ ಬಸ್ಸಿನಲ್ಲಿ ಕೂರಿಸುವುದು ವರ್ಷಕ್ಕೊಮ್ಮೆ ಆದೀತು, ತಿಂಗಳಿಗೊಮ್ಮೆ ಆಗದು. ಶಾಲೆ, ಗ್ರಂಥಾಲಯ, ಮಹಿಳಾ ಸಂಘ, ಬಡಾವಣೆಯ ಸಂಘ, ಯಾರು ಬೇಕಾದರೂ ಊರಲ್ಲೇ ಇಂಥದ್ದನ್ನು ನಡೆಸಬಹುದು. ಕೆಳಗಿನ ವಿವರ 12 ಕುಟುಂಬ, ಎರಡೂವರೆ ಗಂಟೆಯ ಲೆಕ್ಕದ್ದು.

ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ನಮ್ಮ ಕಡೆ 'ಮಕ್ಕಳ ಕಲೆ' ಅಂದ ಕೂಡಲೇ ಕಣ್ಣ ಮುಂದೆ ಬರುವುದು ಚಿತ್ರಕಲಾ ಸ್ಪರ್ಧೆ: ಮಕ್ಕಳು ನೆಲದ ಮೇಲೆ, ಅಪ್ಪ ಅಮ್ಮ ಹಿಂದಿನ ಬೆಂಚಿನಲ್ಲಿ, ಕೊನೆಗೆ ಮೂರು ಬಹುಮಾನ. ಕುಟುಂಬ ಕಾರ್ಯಾಗಾರದಲ್ಲಿ ಸ್ಪರ್ಧೆಯೂ ಇಲ್ಲ, ಬೆಂಚೂ ಇಲ್ಲ. ದೊಡ್ಡವರೂ ಕೈ ಹಚ್ಚಲೇಬೇಕು. 'ದಯವಿಟ್ಟು ಪೋಷಕರೂ ಭಾಗವಹಿಸಿ' ಎಂದು ಮೈಕಿನಲ್ಲಿ ಎಷ್ಟು ಸಲ ಹೇಳಿದರೂ ಅವರು ಮೊಬೈಲ್ ಹಿಡಿದು ಬಾಗಿಲ ಬಳಿಯೇ ನಿಲ್ಲುತ್ತಾರೆ. ಒಬ್ಬರ ಕೈಯಲ್ಲಿ ಸಾಗದ ಕೆಲಸವನ್ನೇ ಕೊಟ್ಟರೆ ಮಾತ್ರ ಬಂದು ಸೇರುತ್ತಾರೆ. ಅದಕ್ಕೇ ಇಲ್ಲಿ ಉರುಳೆ ಅಚ್ಚನ್ನು ಆರಿಸಿದ್ದೇವೆ. ಎರಡು ಮೀಟರ್ ಉದ್ದದ ಕಾಗದದ ಮೇಲೆ ಬಣ್ಣ ಹಚ್ಚಿದ ಉರುಳೆಯನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ಉರುಳಿಸುತ್ತಾ ಹೋಗಬೇಕು. ಒಬ್ಬರೇ ಹಿಡಿದರೆ ಉರುಳೆ ಸೊಟ್ಟ ಹೋಗುತ್ತದೆ.

1. ದಿನ, ಜಾಗ, ಜನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಲೆನಾಡಿನ ಮಳೆಯಲ್ಲಿ ಅಚ್ಚು ಒಣಗುವುದಿಲ್ಲ, ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಾಸನದವರು ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳನ್ನೂ ಬಿಡಿ. ದೀಪಾವಳಿಯ ಆಸುಪಾಸಿನ ಆ ಜನಜಂಗುಳಿಯಲ್ಲಿ ಜಾಗವೂ ಸಿಗದು, ಗಾಡಿ ನಿಲ್ಲಿಸಲೂ ಆಗದು. ತೋಟದ ಕೆಲಸದ ಕುಟುಂಬಗಳೂ ಬರಬೇಕೆಂದಿದ್ದರೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅವರ ವಾರದ ರಜೆ ಯಾವತ್ತು ಎಂದು ಮೊದಲು ಕೇಳಿ, ಆಮೇಲೆ ದಿನ ಗೊತ್ತು ಮಾಡಿ. ದಸರಾ ರಜೆ ಒಳ್ಳೆಯ ಸಮಯ. ಫೆಬ್ರವರಿಯೂ ಆಗಬಹುದು, ಪರೀಕ್ಷೆಯ ಬಿಸಿ ಏರುವ ಮೊದಲು.

ಸಾಲು ಕುರ್ಚಿ ಬಿಗಿದಿರುವ ಸಭಾಂಗಣ ಇದಕ್ಕೆ ಉಪಯೋಗವಿಲ್ಲ. ಬೇಕಾದ್ದು ಖಾಲಿ ನೆಲ. ಒಂದು ಅಚ್ಚಿಗೆ ಸುಮಾರು 3 ಮೀಟರ್ ಉದ್ದ, 1.2 ಮೀಟರ್ ಅಗಲ ಬೇಕು. 20×25 ಅಡಿಯ ಶಾಲಾ ಕೊಠಡಿ ಒಂದರಲ್ಲೇ 12 ಕುಟುಂಬ ಹಿಡಿಸುವುದಿಲ್ಲ. ಕೊಠಡಿಯಲ್ಲಿ ಮೇಜಿನ ಕೆಲಸ, ಹೊರಗಿನ ಜಗುಲಿಯಲ್ಲಿ ಅಚ್ಚಿನ ಕೆಲಸ ಎಂದು ಹಂಚಿಕೊಳ್ಳಿ. ಕೈ ತೊಳೆಯುವ ನಲ್ಲಿ 20 ಹೆಜ್ಜೆಯೊಳಗೆ ಇರಬೇಕು. ಇಲ್ಲದಿದ್ದರೆ ನಾಲ್ಕು ಬಕೆಟ್ ನೀರು, ಎರಡು ಖಾಲಿ ಬಕೆಟ್ ಒಳಗೇ ಇಡಿ. ಬಣ್ಣದ ಕೈ ಗೋಡೆಗೆ ತಾಗಿದರೆ ಮುಂದಿನ ಸಲ ಆ ಜಾಗ ಕೊಡುವುದಿಲ್ಲ.

ಹೆಸರು ಬರೆಸಿಕೊಳ್ಳುವ ಚೀಟಿಯಲ್ಲಿ 'ಮಗುವಿನ ಹೆಸರು' ಎಂಬ ಖಾನೆ ಮೊದಲು ಬೇಡ. 'ನಿಮ್ಮ ಮನೆಯಿಂದ ಯಾರ್‍ಯಾರು ಬರುತ್ತೀರಿ?' ಎಂದು ಕೇಳಿ. ಸಣ್ಣ ವ್ಯತ್ಯಾಸ, ಆದರೆ ದೊಡ್ಡವರು ತಾವೂ ಲೆಕ್ಕಕ್ಕಿದ್ದೇವೆ ಎಂದು ಅಲ್ಲೇ ತಿಳಿಯುತ್ತಾರೆ. ಒಂದು ಕುಟುಂಬ ಅಂದರೆ 5ರಿಂದ 12 ವರ್ಷದ ಒಂದೆರಡು ಮಕ್ಕಳು, ಜೊತೆಗೆ ಕನಿಷ್ಠ ಒಬ್ಬರು ದೊಡ್ಡವರು. ಸೋದರಮಾವ, ಅತ್ತೆ, ಪಕ್ಕದ ಮನೆಯ ಅಕ್ಕ ಯಾರಾದರೂ ಸರಿ. ಮಕ್ಕಳ ಫೋಟೋ ತೆಗೆಯಬಹುದೇ ಎಂಬುದನ್ನೂ ಅದೇ ಚೀಟಿಯಲ್ಲಿ ಕೇಳಿಬಿಡಿ.

ನಡೆಸಿಕೊಡುವವರು ಒಬ್ಬರು, ಸಹಾಯಕ್ಕೆ ಮೂವರು. ಅವರಲ್ಲಿ ಒಬ್ಬರಿಗೆ ಬಣ್ಣದ ಮೇಜು ಬಿಟ್ಟರೆ ಬೇರೆ ಕೆಲಸ ಕೊಡಬೇಡಿ.

2. ಸಾಮಾನು

ಎಲ್ಲವೂ ಹಾರ್ಡ್‌ವೇರ್ ಅಂಗಡಿ, ಸ್ಟೇಷನರಿ ಅಂಗಡಿ, ಸೀಟು ಹೊಲಿಯುವ ಕುಷನ್ ಅಂಗಡಿಯಲ್ಲಿ ಸಿಗುವಂಥವು.

- 63 ಮಿ.ಮೀ. ಪಿವಿಸಿ ಪೈಪು 4 ಮೀಟರ್, ಅದರ ಎಂಡ್ ಕ್ಯಾಪ್ 24
- 20 ಮಿ.ಮೀ. ವೈರಿಂಗ್ ಪೈಪು, 3 ಮೀಟರಿನವು 3
- ಟಿವಿ, ಫ್ರಿಜ್ಜಿನ ಡಬ್ಬದಲ್ಲಿ ಬರುವ 3 ಮಿ.ಮೀ. ದಪ್ಪದ ಬಿಳಿ ಪ್ಯಾಕಿಂಗ್ ಫೋಮ್
- 23 ಸೆಂ.ಮೀ. ಚೌಕದ ರೆಕ್ಸಿನ್ ತುಂಡು 14 (ಎರಡು ಹೆಚ್ಚಿಗೆ)
- 22×28 ಇಂಚಿನ ದಪ್ಪ ಡ್ರಾಯಿಂಗ್ ಹಾಳೆ 40. ಹೊಳಪಿನ ಚಾರ್ಟ್ ಪೇಪರ್ ಬೇಡ, ಉರುಳೆ ಅದರ ಮೇಲೆ ಜಾರುತ್ತದೆ
- ಬಟ್ಟೆಯ ಡಬಲ್ ಸೈಡ್ ಟೇಪು 8 ಸುರುಳಿ, ಪ್ಯಾಕಿಂಗ್ ಟೇಪು 3
- 500 ಮಿ.ಲೀ. ಪೋಸ್ಟರ್ ಕಲರ್ 2 ಡಬ್ಬಿ, ಎರಡು ಬೇರೆ ಬೇರೆ ಬಣ್ಣ
- 4 ಇಂಚಿನ ಪೇಂಟ್ ರೋಲರ್ 12, ಹಳೆಯ ನೆಲದ ಟೈಲ್ಸ್ 12
- ಮೈದಾ 100 ಗ್ರಾಂ, ಗ್ಲಿಸರಿನ್ ಒಂದು ಚಿಕ್ಕ ಬಾಟಲಿ, ಲವಂಗದ ಎಣ್ಣೆ
- ಹಳೆಯ ಪತ್ರಿಕೆ ಎರಡು ತಿಂಗಳಿನದು, ಬಟ್ಟೆ ಚಿಂದಿ, ಕತ್ತರಿ 12, ಬಟರ್ ಪೇಪರ್

ಅಚ್ಚಿನ ಮೇಲ್ಮೈಗೆ ಬೇಕಾದ ಸರಕು ಬಹುಪಾಲು ಪುಕ್ಕಟೆ: ಪಂಕ್ಚರ್ ಅಂಗಡಿಯ ಹರಿದ ಸೈಕಲ್ ಟ್ಯೂಬು, ಕಾಫಿ ತುಂಬಿದ್ದ ಗೋಣಿಚೀಲ, ಸೆಣಬಿನ ಹುರಿ, ರಬ್ಬರ್ ಬ್ಯಾಂಡು, ಸಿಲ್ವರ್ ಓಕ್ ಎಲೆ. ಇವುಗಳಲ್ಲಿ ಟ್ಯೂಬಿಗೆ ಸಮನಾದದ್ದು ಯಾವುದೂ ಇಲ್ಲ. ಕತ್ತರಿಗೆ ಸುಲಭ, ಬಾಗುತ್ತದೆ, ಬಣ್ಣ ಹಿಡಿಯುತ್ತದೆ. ಅಡಿಕೆ ಹಾಳೆ ಬಳಸಬೇಕೆಂದು ಎಲ್ಲರಿಗೂ ಆಸೆ. ಆದರೆ ಉರುಳೆಗೆ ಸುತ್ತಿದ ಐದು ನಿಮಿಷಕ್ಕೆ ಸೆಟೆದು ಕಿತ್ತು ಬರುತ್ತದೆ. ಬೇಕೇ ಬೇಕು ಎಂದರೆ ರಾತ್ರಿಯಿಡೀ ನೆನೆಸಿ, ಎರಡು ಬೆರಳಗಲಕ್ಕಿಂತ ಸಣ್ಣ ಚೂರು ಮಾಡಿ, ಒರೆಸಿ ಅಂಟಿಸಿ. ಮಣಿ, ಬೀಜ, ಗುಂಡಿ ಬೇಡವೇ ಬೇಡ. ಚಿಕ್ಕವರು ಬಾಯಿಗೆ ಹಾಕಿಕೊಳ್ಳುತ್ತಾರೆ, ಜೊತೆಗೆ ಕಾಗದವೂ ತೂತಾಗುತ್ತದೆ.

3. ಉರುಳೆ ತಯಾರಿ (ಒಂದು ವಾರ ಮುಂಚೆ)

ಪೈಪನ್ನು 30 ಸೆಂ.ಮೀ.ಗೆ ಒಂದರಂತೆ 12 ತುಂಡು ಮಾಡಿಸಿ. ಅಂಚಿನ ಮುಳ್ಳನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ಪ್ರತಿ ಕ್ಯಾಪಿನ ನಟ್ಟ ನಡುವೆ 22 ಮಿ.ಮೀ. ತೂತು ಬೇಕು. ಎಲೆಕ್ಟ್ರಿಷಿಯನ್ನರ ಬಳಿ ಹೋಲ್ ಸಾ ಇರುತ್ತದೆ, ಅಂದರೆ ಡ್ರಿಲ್ಲಿಗೆ ಹಾಕುವ ದುಂಡು ಗರಗಸ. ತೂತು ನಡುವಿನಿಂದ ಸ್ವಲ್ಪ ಸರಿದರೂ ಉರುಳೆ ಕುಂಟುತ್ತದೆ. ವೈರಿಂಗ್ ಪೈಪನ್ನು 70 ಸೆಂ.ಮೀ. ಉದ್ದಕ್ಕೆ ಕತ್ತರಿಸಿದರೆ ಅದೇ ಅಚ್ಚುಗೋಲು. 3 ಮೀಟರಿನ ಒಂದು ಪೈಪಿಗೆ ನಾಲ್ಕು ಬರುತ್ತವೆ. ಕ್ಯಾಪುಗಳನ್ನು ಒತ್ತಿ ಕೂರಿಸಿ, ಗೋಲನ್ನು ತೂರಿಸಿ. ಎರಡೂ ಕಡೆ 20 ಸೆಂ.ಮೀ.ಯಷ್ಟು ಹಿಡಿ ಉಳಿಯುತ್ತದೆ. ಕ್ಯಾಪಿಗೆ ಪಿವಿಸಿ ಸೊಲ್ಯೂಷನ್ ಹಾಕಬೇಡಿ, ಮುಂದೆ ಬಿಚ್ಚಬೇಕಾಗುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಕ್ಯಾಪು ಪೈಪಿನ ಮೇಲೆ ಕೂರುವುದರಿಂದ ಎರಡು ತುದಿ 2–3 ಮಿ.ಮೀ. ಎತ್ತರವಾಗುತ್ತದೆ. ಹಾಗೇ ಉರುಳಿಸಿದರೆ ಕ್ಯಾಪು ಮಾತ್ರ ನೆಲಕ್ಕೆ ತಾಗಿ, ನಡುವಿನ ಅಚ್ಚು ಗಾಳಿಯಲ್ಲೇ ಇರುತ್ತದೆ. ಎರಡು ಕ್ಯಾಪುಗಳ ನಡುವೆ ಫೋಮನ್ನು ಎರಡು ಸುತ್ತು ಸುತ್ತಿ ಟೇಪು ಹಾಕಿ. ಅಲ್ಲಿಗೆ 6 ಮಿ.ಮೀ. ಎತ್ತರ ಸಿಗುತ್ತದೆ. ನೆಲದ ಉಬ್ಬು ತಗ್ಗನ್ನೂ ಅದು ನುಂಗಿಕೊಳ್ಳುತ್ತದೆ. ಹೀಗೆ ಸುತ್ತಿದ ಉರುಳೆಯ ಸುತ್ತಳತೆ ಸುಮಾರು 24 ಸೆಂ.ಮೀ. 23ರ ರೆಕ್ಸಿನ್ ಚೌಕ ಅದರ ಮೇಲೆ ಸರಿಯಾಗಿ ಕೂತು, ನಡುವೆ ಬೆರಳ ಸಂದಿನಷ್ಟು ಜಾಗ ಉಳಿಯುತ್ತದೆ.

ಕಾಗದದ ಪಟ್ಟಿಯನ್ನು ಹಿಂದಿನ ದಿನವೇ ಅಂಟಿಸಿ. ಹಾಳೆಯನ್ನು ಉದ್ದಕ್ಕೆ ಸೀಳಿದರೆ 28×71 ಸೆಂ.ಮೀ.ಯ ಎರಡು ತುಂಡು. ಅಂಥ ಮೂರನ್ನು 2 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿದರೆ ಎರಡು ಮೀಟರಿಗೂ ತುಸು ಹೆಚ್ಚು. ಒಂದು ಕುಟುಂಬಕ್ಕೆ ಎರಡು ಪಟ್ಟಿ. ಉರುಳೆ ಸಾಗುವ ದಿಕ್ಕಿಗೆ ಪಟ್ಟಿಯ ಬೆನ್ನಲ್ಲಿ ಬಾಣದ ಗುರುತು ಹಾಕಿ. ಬೆಸುಗೆಯಲ್ಲಿ ಉರುಳೆ ಮೇಲಿನ ಹಾಳೆಯಿಂದ ಕೆಳಗಿನದಕ್ಕೆ ಇಳಿಯಬೇಕು. ತಿರುಗುಮುರುಗಾದರೆ ಹಾಳೆಯ ಅಂಚನ್ನು ಎತ್ತಿ ಮಡಚಿಬಿಡುತ್ತದೆ.

4. ಬಣ್ಣ (ಅದೇ ದಿನ ಬೆಳಿಗ್ಗೆ)

ಪೋಸ್ಟರ್ ಕಲರನ್ನು ಹಾಗೇ ಬಳಸಿದರೆ ಕಾಗದ ಮುಟ್ಟುವ ಮೊದಲೇ ಉರುಳೆಯ ಮೇಲೆ ಒಣಗುತ್ತದೆ. ಮೈದಾ ಅಂಟು ಬೆರೆಸಿದರೆ ಹತ್ತು ನಿಮಿಷ ಹಸಿ ಉಳಿಯುತ್ತದೆ. 100 ಗ್ರಾಂ ಮೈದಾವನ್ನು 200 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. 800 ಮಿ.ಲೀ. ಕುದಿಯುವ ನೀರಿಗೆ ಸುರಿದು, ಬಿಳುಪು ಹೋಗಿ ಗಾಜಿನಂತಾಗುವ ತನಕ ನಾಲ್ಕೈದು ನಿಮಿಷ ಕೈಬಿಡದೆ ತಿರುವಿ. ಪೂರ್ತಿ ಆರಿದ ಮೇಲೆ ಎರಡು ಚಮಚ ಗ್ಲಿಸರಿನ್, ನಾಲ್ಕು ಹನಿ ಲವಂಗದ ಎಣ್ಣೆ ಹಾಕಿ. ಲವಂಗದ ಎಣ್ಣೆ ಬೂಷ್ಟು ತಡೆಯಲಿಕ್ಕೆ. ಆಮೇಲೆ ಅಂಟು, ಬಣ್ಣ ಸಮಸಮ ಬೆರೆಸಿ. ಹದ ಇಡ್ಲಿ ಹಿಟ್ಟಿನದು. ದೋಸೆ ಹಿಟ್ಟಿನಷ್ಟು ತೆಳುವಾದರೆ ಅಚ್ಚಿನ ಸಂದಿಗೆಲ್ಲ ಇಳಿದು ಬರೀ ಕಲೆ ಮೂಡುತ್ತದೆ.

ಪೋಸ್ಟರ್ ಅಂಟಿಸುವವರು, ಪುಸ್ತಕ ಕಟ್ಟುವವರು ಹುಳ ಬೀಳದಿರಲೆಂದು ಅಂಟಿಗೆ ಮೈಲುತುತ್ತ ಹಾಕುವುದುಂಟು. ಅದು ವಿಷ. ಮಕ್ಕಳಿರುವ ಕಡೆ ತರಲೇಬೇಡಿ. ಗೋಡೆಗೆ ಬಳಿಯುವ ಇಮಲ್ಷನ್ ಅಗ್ಗವಾಗಿ ಸಿಗುತ್ತದೆ ನಿಜ, ಒಣಗಿದರೆ ಬಟ್ಟೆಯಿಂದ ಹೋಗದು. ಅದನ್ನೂ ಬಿಡಿ.

ಎರಡೇ ಬಣ್ಣ ಇರಲಿ. ಕಡುನೀಲಿ, ಹಳದಿ ಆದರೆ ಮೂರನೆಯದಾಗಿ ಹಸಿರು ತಾನಾಗಿ ಹುಟ್ಟುತ್ತದೆ. ಮೂರು ನಾಲ್ಕು ಬಣ್ಣ ಇಟ್ಟಿರೋ, ಅರ್ಧ ಗಂಟೆಯಲ್ಲಿ ಎಲ್ಲರ ಟೈಲ್ಸ್ ಮೇಲೂ ಒಂದೇ ಕೆಸರು ಬಣ್ಣ.

5. ನೋಡುವ 20 ನಿಮಿಷ

ಜನ ಬಂದು ಕೂರಲು 15 ನಿಮಿಷ ಬಿಡಿ. ಆಮೇಲೆ ಕೂಡಲೇ ಬಣ್ಣಕ್ಕೆ ಇಳಿಯಬೇಡಿ. ಮ್ಯೂಸಿಯಂ ಕಾರ್ಯಾಗಾರಕ್ಕೂ ಕ್ರಾಫ್ಟ್ ಕ್ಲಾಸಿಗೂ ಇರುವ ನಿಜವಾದ ವ್ಯತ್ಯಾಸ ಈ ಇಪ್ಪತ್ತು ನಿಮಿಷ: ಮೊದಲು ಒಂದೇ ಒಂದು ಕೃತಿಯನ್ನು ಎಲ್ಲರೂ ಕೂಡಿ ನೋಡುವುದು.

ಈ ಕೆಲಸಕ್ಕೆ ಹೇಳಿ ಮಾಡಿಸಿದ ಕೃತಿ ಅಮೆರಿಕದ ರಾಬರ್ಟ್ ರೌಷೆನ್‌ಬರ್ಗ್ 1953ರಲ್ಲಿ ಮಾಡಿದ 'ಆಟೋಮೊಬೈಲ್ ಟೈರ್ ಪ್ರಿಂಟ್'. 20 ಹಾಳೆಗಳನ್ನು ಸಾಲಾಗಿ ಅಂಟಿಸಿ ರಸ್ತೆಯ ಮೇಲೆ ಹಾಸಿ, ಸಂಗೀತಗಾರ ಗೆಳೆಯ ಜಾನ್ ಕೇಜ್ ಕೈಲಿ ಅದರ ಮೇಲೆ ಫೋರ್ಡ್ ಕಾರು ಓಡಿಸಿದರು. ಒಂದು ಚಕ್ರಕ್ಕೆ ಮನೆಗೆ ಬಳಿಯುವ ಕಪ್ಪು ಬಣ್ಣ. ಸುಮಾರು 22 ಅಡಿ ಉದ್ದದ ಆ ಟೈರಿನ ಗುರುತು ಈಗ ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ಮ್ಯೂಸಿಯಂನ ಜಾಲತಾಣದಿಂದಲೇ ಪ್ರೊಜೆಕ್ಟರಿನಲ್ಲಿ ತೋರಿಸಿ. ಕರೆಂಟು ಹೋದರೆ ಎಂದು ಲ್ಯಾಪ್‌ಟಾಪ್ ಚಾರ್ಜು ಮಾಡಿಟ್ಟಿರಿ.

ಹೆಸರು, ಕಥೆ ಯಾವುದನ್ನೂ ಮೊದಲು ಹೇಳಬೇಡಿ. ಮೂರು ಪ್ರಶ್ನೆ ಸಾಕು:

'ಇಲ್ಲಿ ಏನು ನಡೀತಿದೆ?'
'ಏನನ್ನ ನೋಡಿ ಹಾಗೆ ಹೇಳ್ತಿದ್ದೀಯ?'
'ಇನ್ನೇನು ಕಾಣುತ್ತೆ?'

ಇವು ನಮ್ಮ ಕಲ್ಪನೆಯಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್ ಮತ್ತು ಮನಶ್ಶಾಸ್ತ್ರಜ್ಞೆ ಅಬಿಗೇಲ್ ಹೌಸೆನ್ ರೂಪಿಸಿದ ಪದ್ಧತಿ. ಎರಡನೆಯ ಪ್ರಶ್ನೆಯನ್ನು ಬಿಟ್ಟರೆ ಮಾತು ಊಹೆಯ ಆಟವಾಗುತ್ತದೆ, ಅದನ್ನು ತಪ್ಪಿಸಬೇಡಿ. ಉತ್ತರ ಬಂದಾಗ 'ಸರಿ', 'ತಪ್ಪು', 'ವೆರಿ ಗುಡ್' ಅನ್ನಬೇಡಿ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ, ಚಿತ್ರದಲ್ಲಿ ಆ ಜಾಗಕ್ಕೆ ಬೆರಳು ತೋರಿಸಿ. ದೊಡ್ಡವರು ಬೇಗ ಬಾಯಿ ಬಿಡುವುದಿಲ್ಲ. 'ತಾತ, ನಿಮಗೇನು ಕಾಣುತ್ತೆ?' ಎಂದು ಒಬ್ಬರನ್ನು ನೇರವಾಗಿ ಕೇಳಿ. ಟ್ರ್ಯಾಕ್ಟರ್ ಓಡಿಸಿದವರು, ಟಯರ್ ಸವೆದಿರುವುದನ್ನು ಗುರುತಿನಲ್ಲೇ ಹಿಡಿಯುವವರು ನಮ್ಮೂರುಗಳಲ್ಲಿ ಕಡಿಮೆಯಿಲ್ಲ. 'ಇದೂ ಒಂದು ಕಲೆಯಾ?' ಅಂತ ಯಾರಾದರೂ ಗೊಣಗಿದರೆ ಒಳ್ಳೆಯದೇ ಆಯಿತು. ವಾದಕ್ಕೆ ಇಳಿಯದೆ ಆ ಪ್ರಶ್ನೆಯನ್ನೂ ಎಲ್ಲರ ಮುಂದಿಡಿ. ಕಾರಿನ ಕಥೆಯನ್ನು ಕೊನೆಯ ಮೂರು ನಿಮಿಷದಲ್ಲಿ ಹೇಳಿ.

ಬೇಲೂರು, ಹಳೇಬೀಡು ಪಕ್ಕದಲ್ಲೇ ಇರುವಾಗ ಅಮೆರಿಕದ ಟೈರು ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಶಿಲಾಬಾಲಿಕೆಯನ್ನು ಮುಂದಿಟ್ಟರೆ ಮಕ್ಕಳು ನಕಲು ಮಾಡಲು ಹೊರಡುತ್ತಾರೆ, ಆಗದೆ ಪೆನ್ಸಿಲ್ ಕೆಳಗಿಡುತ್ತಾರೆ. ದೊಡ್ಡವರಂತೂ ಮುಟ್ಟುವುದೇ ಇಲ್ಲ. ಟೈರಿನ ಗುರುತಿನ ಎದುರು 'ನನಗೆ ಬರಲ್ಲ' ಎನ್ನಲು ಯಾರಿಗೂ ದಾರಿಯಿಲ್ಲ. ಹಳೇಬೀಡನ್ನು ಎಂಟನೆಯ ಹಂತಕ್ಕೆ ಇಟ್ಟುಕೊಂಡಿದ್ದೇವೆ.

6. ಅಚ್ಚಿನ ಚೌಕ (45 ನಿಮಿಷ)

ಪ್ರತಿ ಕುಟುಂಬಕ್ಕೆ ಒಂದು ರೆಕ್ಸಿನ್ ಚೌಕ. ಅದರ ಮೇಲೆ ಟ್ಯೂಬು, ಗೋಣಿ, ಹುರಿ, ಎಲೆಗಳನ್ನು ಡಬಲ್ ಸೈಡ್ ಟೇಪಿನಿಂದ ಅಂಟಿಸುವುದು. ಹೀಗೆ ಬಗೆಬಗೆಯ ವಸ್ತು ಅಂಟಿಸಿ ಮಾಡಿದ ಅಚ್ಚಿಗೆ ಕೊಲಾಗ್ರಾಫ್ ಎನ್ನುತ್ತಾರೆ. ಚೌಕವನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟೇ ಕೆಲಸ ಮಾಡಿಸಿ, ಉರುಳೆಯ ಮೇಲೆ ನೇರವಾಗಿ ಅಂಟಿಸಲು ಮಕ್ಕಳ ಕೈಗೆ ಆಗದು. ಫೆವಿಕಾಲ್ ಒಣಗಲು ಗಂಟೆಗಟ್ಟಲೆ ಬೇಕು, ಆದ್ದರಿಂದ ಟೇಪೇ ಗತಿ.

ಗಮನಿಸಬೇಕಾದ್ದು ಇಷ್ಟು. ದಪ್ಪ 2ರಿಂದ 4 ಮಿ.ಮೀ. ಒಳಗಿರಲಿ. ದಪ್ಪದ್ದೊಂದು ತುಂಡು ಇದ್ದರೆ ಅದರ ಸುತ್ತಲಿನದೆಲ್ಲ ಕಾಗದಕ್ಕೆ ತಾಗದೆ ಖಾಲಿ ಉಳಿಯುತ್ತದೆ. ಅಂಚಿನಿಂದ ಅರ್ಧ ಅಂಗುಲ ಬಿಡಿಸಿ. ಎಲೆಯ ಬೆನ್ನು, ಅಂದರೆ ನರ ಎದ್ದಿರುವ ಬದಿ ಮೇಲೆ ಬರಬೇಕು. ಅರ್ಧದಷ್ಟು ಜಾಗ ಖಾಲಿ ಬಿಟ್ಟವರ ಅಚ್ಚು ಹೆಚ್ಚಾಗಿ ಚೆನ್ನಾಗಿ ಬರುತ್ತದೆ. ಆದರೆ ಇದನ್ನು ಒಮ್ಮೆ ಹೇಳಿ ಸುಮ್ಮನಾಗಿ.

ಮಕ್ಕಳು ಹೆಸರು ಬರೆಯಲು ಹೊರಟರೆ ಎಚ್ಚರ: ಅಚ್ಚಿನಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಬಟರ್ ಪೇಪರಿನ ಮೇಲೆ ದಪ್ಪ ಪೆನ್ನಿನಲ್ಲಿ ಬರೆಸಿ, ಮಗುಚಿ ಹಾಕಿ, ಆ ತಿರುಗಿದ ಗೆರೆಯ ಮೇಲೆ ಹುರಿ ಅಂಟಿಸಲು ಹೇಳಿ. ಒತ್ತಕ್ಷರ ಹುರಿಯಲ್ಲಿ ಕೂರಿಸುವುದು ಕಷ್ಟ. 'ಪುಟ್ಟ' ಎನ್ನುವುದಕ್ಕಿಂತ 'ರವಿ' ಸುಲಭ.

ಅಣ್ಣ ಅಕ್ಕಂದಿರ ಜೊತೆ ಬರುವ ಮೂರು ನಾಲ್ಕು ವರ್ಷದವರಿಗೆ ಒಂದು ಮೂಲೆ ಮಾಡಿ. ಗೋಣಿ, ಎಲೆ, ಹಳೆ ಚಪ್ಪಲಿಯ ಅಡಿಯ ಮೇಲೆ ತೆಳು ಕಾಗದವಿಟ್ಟು ಮೇಣದ ಬಣ್ಣದ ಕಡ್ಡಿಯಿಂದ ಉಜ್ಜಲಿ. ಬಿಳಿ ಪುಡಿಯ ಜರೀಗಿಡದ ಎಲೆ ಸಿಕ್ಕರೆ ಇನ್ನೂ ಚೆಂದ. ಮುಂಗೈ ಮೇಲಿಟ್ಟು ಒತ್ತಿದರೆ ಬಣ್ಣವಿಲ್ಲದೇ ಅಚ್ಚು ಮೂಡುತ್ತದೆ. ತೋಟದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

7. ಅಚ್ಚು ಹಾಕುವುದು (40 ನಿಮಿಷ)

ಆರಾರು ಕುಟುಂಬದ ಎರಡು ತಂಡ ಮಾಡಿ. ಒಂದು ತಂಡ ಅಚ್ಚು ಹಾಕುವಾಗ ಇನ್ನೊಂದು ಚೌಕವನ್ನು ಮುಗಿಸುತ್ತಿರಲಿ.

ಚೌಕವನ್ನು ಉರುಳೆಗೆ ಬಿಗಿಯಾಗಿ ಸುತ್ತಿ, ಸಂದಿಯ ಉದ್ದಕ್ಕೂ ಪ್ಯಾಕಿಂಗ್ ಟೇಪು ಹಾಕಿ. ಸಡಿಲವಾದರೆ ಮೂರನೆಯ ಸುತ್ತಿಗೆ ಜಾರಿ ಸುಕ್ಕಾಗುತ್ತದೆ. ನೆಲದ ಮೇಲೆ ಪತ್ರಿಕೆ ನಾಲ್ಕು ಪದರ ಹಾಸಿ, ಅದರ ಮೇಲೆ ಮೊದಲ ಸಲಕ್ಕೆ ಪತ್ರಿಕೆಯದೇ ಉದ್ದ ಪಟ್ಟಿ. ಜಮಖಾನದ ಮೇಲೆ ಮಾಡಬೇಡಿ, ಕಾಗದ ನಿರಿಗೆ ಹಿಡಿಯುತ್ತದೆ.

ಬಣ್ಣವನ್ನು ಟೈಲ್ಸ್ ಮೇಲೆ ಒಂದು ಚಮಚ ಹಾಕಿ ಪೇಂಟ್ ರೋಲರಿನಿಂದ ತೆಳ್ಳಗೆ ಹರಡಿ, ಆಮೇಲೆ ಅಚ್ಚಿಗೆ ಹಚ್ಚಿ. ಬ್ರಷ್ಷಿನಲ್ಲಿ ಬಳಿದರೆ ಸಂದಿ ತುಂಬಿಕೊಳ್ಳುತ್ತದೆ. ಕ್ಯಾಪಿಗೆ ತಾಗಿದ ಬಣ್ಣವನ್ನು ಒರೆಸದಿದ್ದರೆ ಪಟ್ಟಿಯ ಎರಡು ಬದಿಗೂ ರೈಲು ಕಂಬಿ ಬೀಳುತ್ತದೆ.

ಈಗ ಮಗು ಒಂದು ತುದಿ, ದೊಡ್ಡವರು ಇನ್ನೊಂದು ತುದಿ. ದೊಡ್ಡವರು ಮೊಣಕಾಲೂರಿಯೋ ಕುಕ್ಕರಗಾಲಲ್ಲೋ ಇಳಿಯಲೇಬೇಕು. ನಿಂತು ಬಗ್ಗಿದರೆ ಅವರ ಬದಿ ಒತ್ತಡ ಹೆಚ್ಚಾಗಿ ಉರುಳೆ ಮಗುವಿನ ಕಡೆಗೆ ತಿರುಗುತ್ತದೆ. ಮಂಡಿನೋವಿನ ಅಜ್ಜಿ ತಾತಂದಿರಿಗೆ ಎರಡು ಬೆಂಚು ಜೋಡಿಸಿ, ಪಟ್ಟಿಯನ್ನು ಅದರ ಮೇಲೇ ಹಾಸಿಕೊಡಿ. ಲಯಕ್ಕೆ ಬಾಯಲ್ಲಿ ಎಣಿಸಲಿ. ಸುಮಾರು 24 ಸೆಂ.ಮೀ.ಗೊಮ್ಮೆ ಚಿತ್ರ ಮರಳಿ ಬರುತ್ತದೆ, ಹಾಗಾಗಿ ಇಡೀ ಪಟ್ಟಿಗೆ ಎಂಟು ಸುತ್ತು. ಮೂರನೆಯ ಸುತ್ತಿಗೆ ಬಣ್ಣ ಮಂಕಾಗುತ್ತದೆ. ನಿಲ್ಲಿಸಿ ಹಚ್ಚಿಕೊಳ್ಳಬೇಕೋ, ಮಾಸುತ್ತಾ ಮಾಯವಾಗಲು ಬಿಡಬೇಕೋ ಎನ್ನುವುದು ಆ ಕುಟುಂಬಕ್ಕೆ ಬಿಟ್ಟದ್ದು. ಸಹಾಯಕರು 'ಇನ್ನೊಂಚೂರು ಹಚ್ಚಿ ಸರ್' ಎಂದು ಬಾಯಿ ಹಾಕಬಾರದು. ಎರಡನೆಯ ಬಣ್ಣ ಬೇಕಿದ್ದವರು ರೆಕ್ಸಿನ್ನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅರ್ಧ ಸುತ್ತು ಮುಂದಿನಿಂದ ಶುರು ಮಾಡಲಿ. ಮೊದಲು ಹಳದಿ, ಆಮೇಲೆ ನೀಲಿ.

ಬಾಗಿಲ ಬಳಿ ವಿಡಿಯೋ ಮಾಡುತ್ತಾ ನಿಂತವರು ಇನ್ನೂ ಉಳಿದಿದ್ದರೆ ಬೇಡಿಕೊಳ್ಳಬೇಕಾಗಿಲ್ಲ. 'ಅಣ್ಣ, ಆ ಕಡೆ ಸ್ವಲ್ಪ ಹಿಡ್ಕೊಳ್ಳಿ, ಸೊಟ್ಟ ಹೋಗ್ತಿದೆ' ಎಂದರೆ ಸಾಕು.

8. ಗೋಡೆಗೆ ಹಾಕಿ ನೋಡುವುದು (20 ನಿಮಿಷ)

ಪಟ್ಟಿಗಳನ್ನು ಒಂದರ ಕೆಳಗೊಂದು, ಅಡ್ಡಕ್ಕೆ, ಬೆಂಚುಗಳ ಬೆನ್ನಿಗೋ ಹಗ್ಗಕ್ಕೋ ಕ್ಲಿಪ್ಪಿನಿಂದ ಸಿಕ್ಕಿಸಿ. ಹೆಸರಿನ ಚೀಟಿಯಲ್ಲಿ ಮನೆಯವರೆಲ್ಲರ ಹೆಸರೂ ಇರಲಿ. ಬಹುಮಾನ, ಅಂಕ, ಮುಖ್ಯ ಅತಿಥಿಗಳ ಭಾಷಣ ಯಾವುದೂ ಬೇಡ. ಅದೇ ಮೂರು ಪ್ರಶ್ನೆಗಳನ್ನು ಈಗ ಇವರ ಕೆಲಸದ ಮುಂದೆ ಕೇಳಿ. ಮಾಡಿದವರು ಕೊನೆಗೆ ಮಾತಾಡಲಿ.

ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದ ಫೋಟೋವನ್ನು ಇಲ್ಲಿ ತೋರಿಸಬಹುದು: ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಪಟ್ಟಿಯ ಮೇಲೆ ಪಟ್ಟಿ. ಉರುಳೆ ತಂದದ್ದನ್ನೇ ತರುತ್ತದೆ, ಅಲ್ಲಿ ಪ್ರತಿ ಆನೆಗೂ ಉಳಿ ಹೊಸದಾಗಿ ಕೆಲಸ ಮಾಡಿದೆ. ವ್ಯತ್ಯಾಸ ಹುಡುಕಲು ಮಕ್ಕಳಿಗೆ ಬಿಡಿ. ಎಂಟು ಸುತ್ತು ಉರುಳಿಸಿ ಕೈ ನೋಯಿಸಿಕೊಂಡವರು ಆ ಸಾಲನ್ನು ನೋಡುವ ರೀತಿಯೇ ಬೇರೆ ಇರುತ್ತದೆ.

9. ಒಣಗಿಸುವುದು, ತೊಳೆಯುವುದು

ಕೊನೆಯ ಹತ್ತು ನಿಮಿಷ ಎಲ್ಲರದೂ. ಬಿಸಿಲಿದ್ದರೆ ಒಂದು ಗಂಟೆಯಲ್ಲಿ ಮೇಲ್ಮೈ ಒಣಗುತ್ತದೆ, ಮೋಡವಿದ್ದರೆ ಮರುದಿನ ಬಂದು ಒಯ್ಯಲು ಹೇಳಿ. ಹಸಿಯಿರುವಾಗ ಸುತ್ತಿದರೆ ಪದರ ಪದರ ಅಂಟಿಕೊಂಡು ಬಿಚ್ಚಲು ಬರುವುದಿಲ್ಲ. ಒಣಗಿದ್ದನ್ನೂ ನಡುವೆ ಪತ್ರಿಕೆ ಇಟ್ಟು, ಚಿತ್ರ ಹೊರಮುಖವಾಗಿ ಸಡಿಲಾಗಿ ಸುತ್ತಿ. ಮೈದಾ ಇರುವುದರಿಂದ ಜಿರಳೆ, ಬೆಳ್ಳಿಹುಳಕ್ಕೆ ಇದು ಊಟ. ಅಟ್ಟದಲ್ಲಿ ಇಡದೆ ಗೋಡೆಗೆ ಹಾಕಲು ಹೇಳಿ.

ಉಳಿದ ಬಣ್ಣವನ್ನು ನೇರವಾಗಿ ಚರಂಡಿಗೆ ಸುರಿಯಬೇಡಿ. ಪತ್ರಿಕೆಯ ಮೇಲೆ ಬಳಿದು ಒಣಗಿಸಿ ಕಸಕ್ಕೆ ಹಾಕಿ, ಆಮೇಲೆ ಡಬ್ಬಿ ತೊಳೆಯಿರಿ. ಮೈದಾ ಬಣ್ಣ ಒಂದು ರಾತ್ರಿ ಕಳೆದರೆ ಹುಳಿ ವಾಸನೆ ಬರುತ್ತದೆ, ಎತ್ತಿಡುವ ಆಸೆ ಬೇಡ. ಪೇಂಟ್ ರೋಲರುಗಳನ್ನು ಅರ್ಧ ಗಂಟೆಯೊಳಗೆ ನೀರಿಗೆ ಹಾಕಿ. ಉರುಳೆಯಿಂದ ರೆಕ್ಸಿನ್ ಬಿಚ್ಚಿ ಆ ಕುಟುಂಬಕ್ಕೇ ಕೊಡಿ, ಪೋಸ್ಟರ್ ಕಲರ್ ಇದ್ದರೆ ಮನೆಯಲ್ಲಿ ಲಟ್ಟಣಿಗೆಗೆ ಸುತ್ತಿಯೂ ಬಳಸಬಹುದು, ಆ ಲಟ್ಟಣಿಗೆ ಮತ್ತೆ ಅಡುಗೆಗೆ ಹೋಗದಿದ್ದರೆ ಸಾಕು. ಪೈಪು, ಕ್ಯಾಪು, ಗೋಲು ಬಿಚ್ಚಿ ಒರೆಸಿ ಒಂದು ಗೋಣಿಯಲ್ಲಿ ಕಟ್ಟಿಡಿ. ಫೋಮ್ ಮಾತ್ರ ಒತ್ತಿ ಒತ್ತಿ ಚಪ್ಪಟೆಯಾಗುತ್ತದೆ, ಪ್ರತಿ ಎರಡು ಕಾರ್ಯಾಗಾರಕ್ಕೊಮ್ಮೆ ಬದಲಿಸಿ.